ಮೊದಲ ಮರ

ಕಳೆದ ಆಷಾಢದಲ್ಲಿ ಊರಿಗೆ ಹೋಗಿದ್ದಾಗ, ನಮ್ಮ ತೋಟದಲ್ಲಿ ಸುಮಾರು ನಲವತ್ತು ವರ್ಷ ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ದ ಹಿರಿಯರನ್ನು ನೋಡಿ ಬರೋಣವೆಂದು ಅವರ ಮನೆಗೆ ಹೋದೆ. ಶಿರಸಿ ಸೀಮೆಯ ಮಳೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಮಾತು ಕೇಳಿಸಬೇಕಾದರೆ ಇಬ್ಬರೂ ಜಗಲಿಯ ಒಳಮೂಲೆಗೆ ಸರಿದು ಕೂರಬೇಕಾಯಿತು. ಎಪ್ಪತ್ತು ದಾಟಿದ ಅವರಿಗೆ ಈಗ ಮಂಡಿ ಮಡಚಲು ಬರುವುದಿಲ್ಲ. ಅಂಗಾಲಿನ ಒಳಬದಿಯಲ್ಲಿ, ವರ್ಷಗಟ್ಟಲೆ ಅಡಿಕೆ ಮರವನ್ನು ಅವುಚಿ ಹಿಡಿದ ಜಾಗದಲ್ಲಿ, ಚರ್ಮ ಇನ್ನೂ ಕೊರಡಿನಂತೆ ಗಟ್ಟಿಯಾಗಿಯೇ ಇದೆ. ಅದನ್ನು ನೋಡುತ್ತ, ಇಷ್ಟು ವರ್ಷ ನಾನು ಬೆಂಗಳೂರಿನಲ್ಲಿ ಎಷ್ಟೋ ಜನರ ಮುಂದೆ ಹೇಳಿದ ಮಾತನ್ನೇ ಅವರ ಮುಂದೆಯೂ ಹೇಳಿದೆ: "ನಿಮ್ಮಷ್ಟು ಧೈರ್ಯದವರನ್ನು ನಾನು ನೋಡಿಲ್ಲ. ನಿಮಗೆ ಹೆದರಿಕೆ ಅನ್ನೋದೇ ಇರಲಿಲ್ಲ." ಅವರು ಕವಳ ಹಾಕುತ್ತಿದ್ದ ಕೈಯನ್ನು ತಡೆದು ನನ್ನನ್ನು ನೋಡಿದರು. "ಯಾರು ಹೇಳಿದ್ರು ಇರ್ಲಿಲ್ಲ ಅಂತ? ದಿನಾ ಬೆಳಿಗ್ಗೆ ಮೊದಲ್ನೇ ಮರಕ್ಕೆ ಕೈ ಹಚ್ಚೂದೇ ತಡ, ಎರಡೂ ಕೈ ತಣ್ಣಗಾಗೂದು. ಒಂದ್ ದಿನಾನೂ ತಪ್ಪಿದ್ದಿಲ್ಲ. ನೀವ್ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಅವರು ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಹೇಳಿ ಮುಗಿಸಿ ಎಲೆಗೆ ಸುಣ್ಣ ಹಚ್ಚತೊಡಗಿದರು. ಆದರೆ "ನೀವ್ಯಾರೂ ಕೇಳ್ಲಿಲ್ಲ" ಎಂಬ ಮಾತು ಅಲ್ಲಿಂದ ಎದ್ದು ಬಂದ ಮೇಲೂ ನನ್ನನ್ನು ಬಿಡಲಿಲ್ಲ. ನಲವತ್ತು ವರ್ಷ ನಮ್ಮ ಕಣ್ಣೆದುರೇ ನಡೆದದ್ದನ್ನು ನಾವು ನೋಡಿಯೇ ಇರಲಿಲ್ಲವೆಂದರೆ, ನಾನು ಧೈರ್ಯವೆಂದು ಕರೆಯುತ್ತ ಬಂದದ್ದು ಏನನ್ನು?

ಕೆಳಗೆ ನಿಂತವರ ಮಾತು

ಅಡಿಕೆ ತೋಟದ ನಡುವೆ ಬೆಳೆದವರಿಗೆ ಗೊತ್ತಿರುವ ವಿಷಯವೇ ಆದರೂ ಒಂದು ಸಂಗತಿಯನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ನಮ್ಮ ಹಳೆಯ ತೋಟದ ಮರಗಳು ಐವತ್ತು ಅರವತ್ತು ಅಡಿ ಎತ್ತರದವು; ಕಾಂಡ ಮಾತ್ರ ಎರಡು ಅಂಗೈಗಳ ನಡುವೆ ಹಿಡಿಯಬಹುದಾದಷ್ಟು ಸಪೂರ. ಕೊನೆ ಕೊಯ್ಯುವ ಕೊನೆಗೌಡರು ಪ್ರತಿ ಮರವನ್ನೂ ಹತ್ತಿ ಇಳಿಯುವುದಿಲ್ಲ. ಒಂದು ಮರದ ತುದಿ ಮುಟ್ಟಿದವರು ದೋಟಿಯ, ಅಂದರೆ ಉದ್ದನೆಯ ಗಳದ, ಕೊಕ್ಕೆಯಿಂದ ಪಕ್ಕದ ಮರವನ್ನು ತಮ್ಮತ್ತ ಎಳೆದುಕೊಂಡು, ಅದರ ತಲೆ ಹತ್ತಿರ ಬಂದ ಕ್ಷಣದಲ್ಲಿ ಇದನ್ನು ಬಿಟ್ಟು ಅದನ್ನು ಅಪ್ಪಿಕೊಳ್ಳುತ್ತಾರೆ. ಬಾಗಿದ ಆ ಮರ ಅವರನ್ನು ಹೊತ್ತುಕೊಂಡೇ ಹಿಂದಕ್ಕೆ ಚಿಮ್ಮುತ್ತದೆ, ಒಂದೆರಡು ಸಲ ತೂಗಾಡಿ ನಿಲ್ಲುತ್ತದೆ. ಬಿಟ್ಟ ಮರಕ್ಕೂ ಹಿಡಿದ ಮರಕ್ಕೂ ನಡುವೆ, ಅವರು ಎರಡಕ್ಕೂ ಸೇರದೆ ಇರುವ ಅರೆಗಳಿಗೆಯೊಂದು ಇರುತ್ತದೆ. ಕೆಳಗೆ ಹಗ್ಗದ ತುದಿ ಹಿಡಿದು ನಿಂತ ಹುಡುಗನಾಗಿದ್ದಾಗ ನಾನು ಆ ಗಳಿಗೆಯನ್ನು ನೋಡಲೆಂದೇ ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡುತ್ತಿದ್ದೆ.

ಬೇಸಗೆಗೆ ಮುಂಚಿನ ಕೊಯ್ಲಿನಲ್ಲಿ ಮರವಾದರೂ ಒಣಗಿರುತ್ತದೆ. ಮಳೆಗಾಲದ ಮದ್ದು ಹೊಡೆಯುವ ಕೆಲಸ ಹಾಗಲ್ಲ. ಕಾಂಡದ ತುಂಬ ಹಾವಸೆ, ಅದರ ಮೇಲೆ ಸೋರುವ ನೀರು, ಮೇಲಿನಿಂದ ತೊಟ್ಟಿಕ್ಕುವ ಮೈಲುತುತ್ತದ ದ್ರಾವಣ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ, ಮೈಲುತುತ್ತ ಮತ್ತು ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣವೇ ಮದ್ದೆಂಬುದು ನಮ್ಮಲ್ಲಿ ಬೇರೂರಿ ನೂರು ವರ್ಷ ದಾಟಿದೆ; ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲೇ ಬರೆದಿದ್ದರು. ಅದಕ್ಕೂ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆ ಮಾಡುತ್ತಿದ್ದರು. ಮದ್ದು ಬದಲಾಯಿತು, ಪಂಪು ಬಂತು, ಆದರೆ ಮಳೆಯಲ್ಲಿ ಒಬ್ಬರು ಮರದ ತುದಿಗೆ ಹೋಗಲೇಬೇಕೆಂಬುದು ಮಾತ್ರ ಬದಲಾಗಿರಲಿಲ್ಲ. ಮೊದಲ ಮದ್ದು ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು ಅದಾಗಿ ನಲವತ್ತು ನಲವತ್ತೈದು ದಿನಕ್ಕೆ, ಅಂದರೆ ಮಳೆಯ ಅಬ್ಬರ ಜೋರಾಗಿರುವಾಗಲೇ.

ಹಾಗೆ ಅವರು ತುದಿಯಲ್ಲಿ ತೂಗಾಡುತ್ತಿರುವಾಗ ಕೆಳಗೆ ನಿಂತ ನಾವೆಲ್ಲ ಒಂದೇ ಮಾತನ್ನು ಆಡುತ್ತಿದ್ದೆವು: "ಅವನಿಗೆ ಹೆದರಿಕೆಯೇ ಇಲ್ಲ." ಅಪ್ಪ ಹೇಳುತ್ತಿದ್ದರು, ನೆಂಟರು ಹೇಳುತ್ತಿದ್ದರು, ಅವರನ್ನು ಏಕವಚನದಲ್ಲೇ ಕರೆದು ಅಭ್ಯಾಸವಾಗಿದ್ದ ಹುಡುಗನಾದ ನಾನೂ ಹೇಳುತ್ತಿದ್ದೆ. ಹೊಗಳಿಕೆಯೆಂದೇ ಹೇಳುತ್ತಿದ್ದೆವು, ಸುಳ್ಳು ಹೊಗಳಿಕೆಯೂ ಅದಾಗಿರಲಿಲ್ಲ. ಆದರೆ ಆ ಮಾತಿನಿಂದ ನಮಗೆ ಎಂಥ ನಿರಾಳ ಸಿಗುತ್ತಿತ್ತೆಂಬುದು ಈಗ ಹೊಳೆಯುತ್ತದೆ. ಹೆದರಿಕೆಯೇ ಇಲ್ಲದವರನ್ನು ಅರವತ್ತು ಅಡಿ ಮೇಲಕ್ಕೆ ಕಳಿಸುವುದಕ್ಕೂ, ನಮ್ಮಂತೆಯೇ ಹೆದರುವವರನ್ನು ಕಳಿಸುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯವರ ಬಗ್ಗೆ ನಾವು ಚಿಂತಿಸಬೇಕಾಗಿಲ್ಲ. ಎರಡನೆಯವರ ಬಗ್ಗೆ ಚಿಂತಿಸಲೇಬೇಕಾಗುತ್ತದೆ. ನಿಜವಾಗಿ ನೋಡಿದರೆ ಆ ತೋಟದಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದವರು ನಾವು. ವರ್ಷದ ಜೀವನವೇ ನಿಂತಿರುವ ಬೆಳೆ ಕೊಳೆಗೆ ಉದುರಿಹೋದೀತೆಂಬ ಭಯ ನಮ್ಮದು, ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಮೇಲೆ ಹೋಗುತ್ತಿದ್ದವರು ಅವರು.

ಇಳಿದು ಬಂದ ದಿನ

ನಾನು ಹೈಸ್ಕೂಲಿನಲ್ಲಿದ್ದ ವರ್ಷದ ಎರಡನೇ ಮದ್ದಿನ ಸಮಯ. ಹತ್ತು ಹನ್ನೆರಡು ದಿನ ಬಿಡದೆ ಸುರಿದ ಮಳೆ ಆ ದಿನ ಬೆಳಿಗ್ಗೆ ಹೊಳವಾಗಿತ್ತು. ಅಪ್ಪ ಕತ್ತಲಿರುವಾಗಲೇ ಎದ್ದು ಮೈಲುತುತ್ತ ನೆನೆಸಿದ್ದರು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಕೂಡಿಸಿದ ದ್ರಾವಣ ಆಕಾಶದ ನೀಲಿ ಬಣ್ಣಕ್ಕೆ ತಿರುಗಿದ ಮೇಲೆ ಅಪ್ಪ ಅದರಲ್ಲಿ ಉಜ್ಜಿ ತೊಳೆದ ಕತ್ತಿಯ ಅಲಗನ್ನು ಅದ್ದಿ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಎಂದರ್ಥ. ಇನ್ನೊಂದಿಷ್ಟು ಸುಣ್ಣದ ತಿಳಿ ಹಾಕಬೇಕು. ಆ ದಿನ ಅಲಗು ಸ್ವಚ್ಛವಾಗಿತ್ತು. ಎರಡು ಡ್ರಮ್ಮು ದ್ರಾವಣ ತಯಾರಾಯಿತು. ತಯಾರಾದ ದ್ರಾವಣವನ್ನು ಅದೇ ದಿನ ಹೊಡೆಯಬೇಕು, ಮರುದಿನಕ್ಕೆ ಇಟ್ಟರೆ ಗುಣ ಕಳೆದುಕೊಳ್ಳುತ್ತದೆ.

ಅವರು ಬಂದರು, ಚಹಾ ಕುಡಿದರು, ಮರ ಹತ್ತುವ ಹಗ್ಗದ ಬಳೆಯಾದ ತಳೆಯನ್ನು ಕಾಲಿಗೆ ಸಿಕ್ಕಿಸಿಕೊಂಡರು. ಎಂದಿನಂತೆ ತೋಟದ ಮೂಡಲ ಅಂಚಿನ ಮೊದಲ ಮರಕ್ಕೆ ಕೈಯಿಟ್ಟು ಎರಡಾಳೆತ್ತರ ಹತ್ತಿದವರು ಅಲ್ಲಿಯೇ ನಿಂತುಬಿಟ್ಟರು. ಹಣೆಯನ್ನು ಮರಕ್ಕೆ ಒತ್ತಿಕೊಂಡಿದ್ದರು. ಎಷ್ಟು ಹೊತ್ತೆಂದು ಹೇಳಲಾರೆ. ಪಂಪು ಒತ್ತಲು ನಿಂತಿದ್ದವರು ಕೈ ನಿಲ್ಲಿಸಿ ಮೇಲೆ ನೋಡುವಷ್ಟು ಹೊತ್ತು. ಆಮೇಲೆ ನಿಧಾನವಾಗಿ ಇಳಿದು ಬಂದು, ತಳೆಯನ್ನು ಬಿಚ್ಚಿ, "ಇವತ್ತು ಆಗೂದಿಲ್ಲ ಹೆಗಡೇರೆ" ಎಂದರು. ಅಪ್ಪ ಮೊದಲು ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಜ್ವರವಿಲ್ಲ, ತಲೆಸುತ್ತಿಲ್ಲ, ಕುಡಿದಿಲ್ಲ. ಮತ್ತೇನೆಂದು ಕೇಳಿದ್ದಕ್ಕೆ ಅವರು ಉತ್ತರ ಕೊಡಲಿಲ್ಲ. ಅಪ್ಪನ ದನಿ ಏರಿತು. ಹೊಳವಾದ ಒಂದೇ ದಿನ, ಕೂಡಿಸಿಟ್ಟ ಇನ್ನೂರು ಲೀಟರ್ ದ್ರಾವಣ, ಕರೆದು ತಂದ ಆಳುಗಳು, ಕೆಳತೋಟದಲ್ಲಿ ಆಗಲೇ ಉದುರತೊಡಗಿದ್ದ ಎಳೆಗಾಯಿಗಳು, ಎಲ್ಲವನ್ನೂ ಅಪ್ಪ ಎಣಿಸಿ ಹೇಳಿದರು. ಅವರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಕತ್ತಿಯನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿ, ತೋಟದ ಸಂಕ ದಾಟಿ ಹೊರಟುಹೋದರು.

ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. "ವಯಸ್ಸಾಯಿತು, ಹೆದರಿಕೆ ಹೊಕ್ಕಿತು" ಎಂದರು ಒಬ್ಬರು. ಒಮ್ಮೆ ಹೆದರಿದ ಕೊನೆಗೌಡ ಮತ್ತೆ ಮರಕ್ಕಾಗುವುದಿಲ್ಲವೆಂದರು ಇನ್ನೊಬ್ಬರು. ಮೂರು ದಿನ ಬಿಟ್ಟು ಪಕ್ಕದೂರಿನ ಹುಡುಗನೊಬ್ಬ ಬಂದು ಅದೇ ಮರದಿಂದಲೇ ಶುರುಮಾಡಿ ಇಡೀ ತೋಟಕ್ಕೆ ಮದ್ದು ಹೊಡೆದು ಹೋದ. ಏನೂ ಆಗಲಿಲ್ಲ. ಮರ ಮುರಿಯಲಿಲ್ಲ, ಯಾರೂ ಬೀಳಲಿಲ್ಲ, ಆ ದಿನ ಮಧ್ಯಾಹ್ನ ಗಾಳಿಯೂ ಏಳಲಿಲ್ಲ. ಮೊದಲ ಮರವೆಂದು ನಾವು ಕರೆಯುವ ಆ ಮರ ಇವತ್ತಿಗೂ ಅಲ್ಲಿಯೇ ನಿಂತಿದೆ. ಇಳಿದು ಬಂದದ್ದು ಸರಿಯೆಂದು ಅವರ ಪರವಾಗಿ ಹೇಳುವ ಯಾವ ಘಟನೆಯೂ ನಡೆಯಲಿಲ್ಲ. ಮುಂದಿನ ಕೊಯ್ಲಿಗೆ ಅವರೇ ಬಂದರು, ಆಮೇಲೆ ಇಪ್ಪತ್ತು ವರ್ಷ ಹತ್ತಿದರು. ಆದರೂ ಆ ಒಂದು ದಿನವನ್ನು ನಾವು ಅವರ ದುರ್ಬಲ ದಿನವೆಂದೇ ಲೆಕ್ಕ ಹಿಡಿದಿದ್ದೆವು.

ಈ ಸಲ ಜಗಲಿಯಲ್ಲಿ ಕುಳಿತಾಗ ಆ ದಿನದ ಬಗ್ಗೆ ಕೇಳಿದೆ. ಅವರಿಗೆ ಮರೆತಿರಲಿಲ್ಲ. ದಿನವೂ ತಣ್ಣಗಾಗುವ ಕೈ ಎರಡಾಳು ಎತ್ತರ ಹತ್ತುವುದರೊಳಗೆ ಬಿಸಿಯಾಗುತ್ತಿತ್ತಂತೆ. ಆಮೇಲೆ ಮರ ಮತ್ತು ಕೈ ಎರಡೇ ಉಳಿಯುತ್ತಿದ್ದವಂತೆ. "ಅವತ್ತು ಬಿಸಿ ಆಗ್ಲೇ ಇಲ್ಲ. ನಿಂತು ನೋಡ್ದೆ, ಆಗ್ಲಿಲ್ಲ. ಇಳ್ದೆ." ಇಷ್ಟೇ ಅವರು ಹೇಳಿದ್ದು. ಹೆದರಿಕೆ ಬಂದಾಗ ಚರ್ಮದ ರಕ್ತನಾಳಗಳು ಸಂಕುಚಿಸಿ ಕೈ ತಣ್ಣಗಾಗುತ್ತದೆಂದು ಓದಿ ತಿಳಿದವನು ನಾನು. ಆದರೆ ಹೆದರಿಕೆಯನ್ನು ಅವರು ಓದಿದ ರೀತಿಯೇ ಬೇರೆ. ಅಪ್ಪ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಿದ್ದಂತೆ ಅವರು ದಿನವೂ ಮೊದಲ ಮರದಲ್ಲಿ ತಮ್ಮನ್ನು ಅದ್ದಿ ನೋಡಿಕೊಳ್ಳುತ್ತಿದ್ದರು. ಅಪ್ಪನ ಪರೀಕ್ಷೆಯನ್ನು ನಾವು ಜಾಣತನವೆಂದೆವು. ಅವರ ಪರೀಕ್ಷೆ ಒಂದೇ ಒಂದು ಸಲ ಬೇರೆ ಉತ್ತರ ಕೊಟ್ಟಾಗ ಅದನ್ನು ಪುಕ್ಕಲುತನವೆಂದೆವು.

ಆ ಇನ್ನೂರು ಲೀಟರ್ ದ್ರಾವಣದ ಎದುರು, ದನಿ ಏರಿಸಿದ ಒಡೆಯರ ಎದುರು, ಮರುದಿನದಿಂದ ಕೆಲಸಕ್ಕೆ ಕರೆಯದೇ ಇರಬಹುದೆಂಬ ಸಾಧ್ಯತೆಯ ಎದುರು "ಆಗೂದಿಲ್ಲ" ಎಂದು ಹೇಳಲು ಎಷ್ಟು ಗಟ್ಟಿತನ ಬೇಕೆಂದು ನಾನು ಮೊನ್ನೆಯವರೆಗೆ ಯೋಚಿಸಿರಲಿಲ್ಲ. ಮರ ಹತ್ತಿದ ಸಾವಿರಾರು ದಿನಗಳಷ್ಟೇ ಧೈರ್ಯದ ದಿನ ಅದು ಎಂದು ಈಗ ನನಗೆ ಅನಿಸುತ್ತದೆ. ಅಪ್ಪ ಇದ್ದಿದ್ದರೆ ಅವರ ಮುಂದೆಯೂ ಇದನ್ನು ಹೇಳುತ್ತಿದ್ದೆ.

ಉತ್ತರನ ಪಾಲಿಗೆ ಬಂದ ಗಾದೆ

ಹೆದರಿದವರನ್ನು ನಮ್ಮ ಭಾಷೆ ಸುಲಭಕ್ಕೆ ಕ್ಷಮಿಸುವುದಿಲ್ಲ. "ಉತ್ತರನ ಪೌರುಷ ಒಲೆಯ ಮುಂದೆ" ಎಂಬ ಗಾದೆಯನ್ನು ನೋಡಿ. ಯಕ್ಷಗಾನದ ಆಟಗಳಲ್ಲಿ ಉತ್ತರ ಬಂದನೆಂದರೆ ಮಕ್ಕಳಿಂದ ಹಿಡಿದು ಮುದುಕರವರೆಗೆ ನಗಲು ಸಿದ್ಧರಾಗುತ್ತಿದ್ದೆವು. ಹೆಂಗಸರ ನಡುವೆ ಕೊಚ್ಚಿಕೊಂಡವನು ಕೌರವರ ಸೇನೆಯನ್ನು ಕಂಡದ್ದೇ ರಥದಿಂದ ಹಾರಿ ಓಡಿದ, ಬೃಹನ್ನಳೆ ಬೆನ್ನಟ್ಟಿ ಹಿಡಿದು ತಂದಳು ಎಂಬಲ್ಲಿಗೆ ನಮ್ಮ ನೆನಪು ನಿಂತುಬಿಡುತ್ತದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹಿಡಿದು ತಂದವನನ್ನು ಅರ್ಜುನ ಮೊದಲು ಮಾಡಿಸಿದ್ದು ಬನ್ನಿಮರ ಹತ್ತುವ ಕೆಲಸವನ್ನು. ಅಲ್ಲಿ ಹೆಣ ಕಟ್ಟಿದೆಯೆಂದು ಗೊತ್ತಿದ್ದೂ, ಇನ್ನೂ ನಡುಗುತ್ತಲೇ ಅವನು ಹತ್ತಿ ಆಯುಧಗಳನ್ನು ಇಳಿಸಿ ಕೊಟ್ಟ. ಆಮೇಲೆ ಭೀಷ್ಮ ದ್ರೋಣ ಕರ್ಣರ ಬಾಣಗಳಿಗೆ ಎದುರಾಗಿ ರಥ ನಡೆಸಿದವನೂ ಅವನೇ. ಗಾಂಡೀವ ಇದ್ದದ್ದು ಅರ್ಜುನನ ಕೈಯಲ್ಲಿ. ಉತ್ತರನ ಕೈಯಲ್ಲಿ ಇದ್ದದ್ದು ಬರಿಯ ಹಗ್ಗ. ಕುರುಕ್ಷೇತ್ರದ ಮೊದಲ ದಿನವೇ ಆನೆಯನ್ನೇರಿ ಶಲ್ಯನ ಎದುರು ಹೋಗಿ ಕಾದಿ ಸತ್ತ.

ಬೆಳಿಗ್ಗೆ ಓಡಿದ ಉತ್ತರ ಮತ್ತು ಮಧ್ಯಾಹ್ನ ರಥ ನಡೆಸಿದ ಉತ್ತರ ಇಬ್ಬರಲ್ಲ. ಓಡಿಸಿದ ಭಯವೂ ಮಧ್ಯಾಹ್ನದ ಹೊತ್ತಿಗೆ ಅವನನ್ನು ಬಿಟ್ಟು ಎಲ್ಲಿಗೋ ಹೋಗಿರಲಾರದು. ಅದೂ ಅವನೊಂದಿಗೆ ರಥದಲ್ಲಿಯೇ ಕುಳಿತಿತ್ತೆಂದು ನಾನು ನಂಬುತ್ತೇನೆ. ಗಾದೆಗೆ ಬೆಳಗಿನವನು ಸಾಕಾಯಿತು. ಒಬ್ಬರನ್ನು ಧೀರರೆಂದು ಕರೆದು ಅವರ ಹೆದರಿಕೆಯನ್ನು ಅಳಿಸಿಬಿಡುತ್ತೇವೆ. ಇನ್ನೊಬ್ಬರನ್ನು ಹೇಡಿಯೆಂದು ಕರೆದು ಅವರ ಧೈರ್ಯವನ್ನು ಅಳಿಸಿಬಿಡುತ್ತೇವೆ. ಎರಡೂ ಕಡೆ ಕಾಣದೆ ಹೋಗುವುದು ಮನುಷ್ಯನೇ.

ಭಯ ಕಳೆದುಕೊಂಡ ಹೆಂಗಸು

ಹಾಗಾದರೆ ಭಯವೇ ಇಲ್ಲದವರು ಹೇಗಿರುತ್ತಾರೆ? ಅಂಥವರೊಬ್ಬರನ್ನು ವಿಜ್ಞಾನಿಗಳು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಅಮೆರಿಕದ ಈ ಮಹಿಳೆಯ ಗುರುತು ಹೊರಗೆ ಬಾರದಂತೆ ಅವರನ್ನು ಎಸ್‌.ಎಂ. ಎಂದಷ್ಟೇ ಕರೆಯುತ್ತಾರೆ. ಅಪರೂಪದ ಆನುವಂಶಿಕ ಕಾಯಿಲೆಯೊಂದರಿಂದ ಅವರ ಮೆದುಳಿನ ಎರಡೂ ಬದಿಯ ಅಮಿಗ್ಡಲ, ಅಂದರೆ ಅಪಾಯದ ಸುಳಿವು ಹಿಡಿಯುವ ಬಾದಾಮಿ ಆಕಾರದ ಪುಟ್ಟ ಭಾಗ, ಹಾಳಾಗಿದೆ. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಾವುಗಳೆಂದರೆ ಇಷ್ಟವಿಲ್ಲವೆಂದು ಹೇಳುತ್ತಿದ್ದ ಅವರು ಹಾವು ಮಾರುವ ಅಂಗಡಿಗೆ ಕರೆದೊಯ್ದಾಗ ಕುತೂಹಲದಿಂದ ಅವುಗಳನ್ನು ಮುಟ್ಟಿ, ಅಪಾಯಕಾರಿಯಾದವನ್ನೂ ಮುಟ್ಟಬಹುದೇ ಎಂದು ಮತ್ತೆ ಮತ್ತೆ ಕೇಳಿದರು. ಒಂದು ರಾತ್ರಿ ಉದ್ಯಾನದ ಬಳಿ ಒಬ್ಬ ಅವರ ಕುತ್ತಿಗೆಗೆ ಚಾಕು ಹಿಡಿದಿದ್ದ. ಮರುದಿನವೇ ಅವರು ಅದೇ ದಾರಿಯಲ್ಲಿ ನಡೆದುಹೋದರು.

ಇದನ್ನು ಓದಿದಾಗ ನನಗೆ ಮೆಚ್ಚುಗೆ ಮೂಡಲಿಲ್ಲ, ಅವರ ಬಗ್ಗೆ ಆತಂಕವಾಯಿತು. ಅವರು ಧೈರ್ಯ ತಂದುಕೊಂಡು ಆ ದಾರಿಯಲ್ಲಿ ನಡೆಯಲಿಲ್ಲ. ತಂದುಕೊಳ್ಳಬೇಕಾದ ಸಂದರ್ಭವೇ ಅವರ ಪಾಲಿಗೆ ಒದಗಿರಲಿಲ್ಲ. ಇಷ್ಟರ ಮೇಲೂ, 2013ರಲ್ಲಿ ವರದಿಯಾದ ಪ್ರಯೋಗದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದ ಗಾಳಿಯನ್ನು ಒಮ್ಮೆ ಉಸಿರಾಡಿಸಿದಾಗ ಅವರು ತೀವ್ರ ಭೀತಿಗೆ ಒಳಗಾದರು. ಹೊರಗಿನ ಅಪಾಯ ತಟ್ಟದವರಿಗೂ ಒಳಗಿನಿಂದ ಉಸಿರು ಕಟ್ಟಿದಾಗ ಭಯ ದಾರಿ ಹುಡುಕಿಕೊಂಡು ಬಂತು. ನಾವು ನಮ್ಮ ಕೊನೆಗೌಡರ ಬಗ್ಗೆ ಹೊಗಳಿಕೆಯಾಗಿ ಆಡುತ್ತಿದ್ದ ಮಾತು ಅಕ್ಷರಶಃ ನಿಜವಾಗಿದ್ದರೆ ಅವರು ಮೊದಲ ಮಳೆಗಾಲವನ್ನೇ ದಾಟುತ್ತಿರಲಿಲ್ಲ.

ನಾನು ಮರ ಹತ್ತಲು ಕಲಿಯಬೇಕೆಂದು ಹಟ ಹಿಡಿದ ಬೇಸಗೆಯೊಂದು ಇಲ್ಲಿ ನೆನಪಾಗುತ್ತಿದೆ. ಹತ್ತಡಿಯಷ್ಟು ಹತ್ತಿದವನಿಗೆ ಕೈಕಾಲು ಕಚ್ಚಿಕೊಂಡಂತಾಗಿ, ಮೇಲಕ್ಕೂ ಹೋಗಲಾರೆ, ಕೆಳಕ್ಕೂ ಇಳಿಯಲಾರೆ. ತೋಟದಲ್ಲಿದ್ದವರೆಲ್ಲ "ಕೆಳಗೆ ನೋಡಬೇಡ" ಎಂದು ಕೂಗುತ್ತಿದ್ದರು. ನಮ್ಮ ಕೊನೆಗೌಡರು ಮಾತ್ರ ಬುಡಕ್ಕೆ ಬಂದು ನಿಂತು ನನ್ನ ಅಂಗಾಲಿಗೆ ಕೈ ತಾಗಿಸಿ, "ತಮ್ಮಾ, ಕೆಳಗೆ ನೋಡು. ಎಷ್ಟು ಎತ್ರ ಅದೆ ಅಂತ ಸರಿಯಾಗಿ ನೋಡು. ನೋಡ್ದವ ಕೈ ಬಿಡೂದಿಲ್ಲ" ಎಂದರು. ನೋಡಿದೆ. ನೆಲ ನಾನು ಕಣ್ಣು ಮುಚ್ಚಿ ಊಹಿಸಿಕೊಂಡಷ್ಟು ದೂರದಲ್ಲಿರಲಿಲ್ಲ, ಆದರೆ ಬಿದ್ದರೆ ಏಟಾಗದಷ್ಟು ಹತ್ತಿರದಲ್ಲೂ ಇರಲಿಲ್ಲ. ಹೆದರಿಕೆ ಕಡಿಮೆಯಾಗಲಿಲ್ಲ, ಅದಕ್ಕೊಂದು ಅಳತೆ ಸಿಕ್ಕಿತು. ಅವರ ಭುಜದ ಮೇಲೆ ಕಾಲಿಟ್ಟು ಇಳಿದೆ.

ಕತ್ತಿಯ ಸದ್ದು

ಆ ದಿನ ಜಗಲಿಯಲ್ಲಿ ನಮ್ಮ ಮಾತು ಕೇಳುತ್ತ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನಡುವೆ ಒಂದು ಮಾತು ಹೇಳಿದರು. ಗಂಡ ಸಂಜೆ ಬಂದು ಕತ್ತಿಯನ್ನು ಜಗಲಿಯ ಕಲ್ಲಿನ ಮೇಲೆ ಇಟ್ಟ ಸದ್ದು ಕೇಳುವವರೆಗೂ ಅವರು ರಾತ್ರಿಯ ಅನ್ನಕ್ಕೆ ನೀರಿಡುತ್ತಿರಲಿಲ್ಲವಂತೆ. ಎಷ್ಟು ಅಕ್ಕಿ ಹಾಕಬೇಕೆಂಬುದು ಆ ಸದ್ದಿನ ಮೇಲೆ ನಿಂತಿತ್ತೆಂದು ಅವರು ಮೆಲ್ಲಗೆ ಹೇಳಿದಾಗ ಅವರ ಗಂಡ ಅತ್ತ ತಿರುಗಿ ನೋಡಿದರು. ಅವರಿಗೂ ಇದು ಹೊಸ ಸಂಗತಿಯೆಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಇವರ ಹೆದರಿಕೆಯನ್ನು ನಾವು ಕೇಳಿರಲಿಲ್ಲ. ಆಕೆಯ ಹೆದರಿಕೆಯನ್ನು ಇವರೂ ಕೇಳಿರಲಿಲ್ಲ.

ಮಗ ಈಗ ಮರ ಹತ್ತುವುದಿಲ್ಲ. ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಮದ್ದು ಹೊಡೆಯುತ್ತಾನೆ, ಕೊನೆಯನ್ನೂ ಕೊಯ್ಯುತ್ತಾನೆ. ದಿನವಿಡೀ ಮೇಲೆ ನೋಡಿ ಕುತ್ತಿಗೆ ನೋಯುತ್ತದೆಂದು ಹೇಳುತ್ತಾನಂತೆ. "ನೋಯ್ಲಿ, ನೆಲದ ಮೇಲೆ ಇದ್ದಾನಲ್ಲ" ಎಂದರು ತಾಯಿ. ತಮ್ಮ ಕಸುಬು ತಮ್ಮೊಂದಿಗೇ ಮುಗಿಯುತ್ತಿರುವ ಬಗ್ಗೆ ಅವರಿಗೆ ಬೇಸರವಿದೆಯೇ ಎಂದು ಕೇಳಿದೆ. ಅವರು ಅದಕ್ಕೆ ತಲೆಯಾಡಿಸಿ ಇಲ್ಲವೆಂದರು. ಸ್ವಲ್ಪ ಹೊತ್ತು ಬಿಟ್ಟು, ಮರ ದಾಟುವಾಗಿನ ಆ ತೂಗಾಟ ಮಾತ್ರ ಈಗಲೂ ಕನಸಿನಲ್ಲಿ ಬರುತ್ತದೆಂದರು.

ಮಳೆ ಸ್ವಲ್ಪ ಇಳಿದಿತ್ತು. ನಾನು ಏಳುವ ಹೊತ್ತಿಗೆ ಅವರು ಕೇಳಿದರು: "ನಿಮ್ಗೆ ಯಾವಾಗ ತಣ್ಣಗಾಗ್ತದೆ ಕೈ?" ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ಮತ್ತೆ ಕುಳಿತೆ. ಅಪ್ಪ ಹೋದ ಮೇಲೆ ಅಮ್ಮ ಆ ದೊಡ್ಡ ಮನೆಯಲ್ಲಿ ಒಬ್ಬರೇ ಇರುವುದನ್ನು ಹೇಳಿದೆ. ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಊರಿನಿಂದ ಫೋನ್ ಬಂದರೆ, ಪರದೆಯ ಮೇಲೆ ಹೆಸರು ಕಂಡು ಎತ್ತುವವರೆಗಿನ ಆ ಎರಡು ಮೂರು ಗಳಿಗೆಯಲ್ಲಿ ಏನಾಗುತ್ತದೆಂದು ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಹೆದರಬೇಡಿ ಎಂದು ಹೇಳಲಿಲ್ಲ. ಮಂಡಿಯ ಮೇಲೆ ಕೈಯೂರಿ ಎದ್ದು ನಿಂತು, ಅಮ್ಮನಿಗೆ ಕೊಡಲೆಂದು ಒಳಗಿನಿಂದ ಒಂದು ಕವಳೆ ವೀಳ್ಯದೆಲೆ ತರಿಸಿ, ಅದನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು.